ಹೊಸ ಸಾಫ್ಟ್‌ವೇರ್ ಬಂದಾಗ ಯಾರನ್ನು ಕೇಳುತ್ತೀರಿ?

ಕಂಪನಿಗೆ ಹೊಸ ಸಾಫ್ಟ್‌ವೇರ್ ಬರುತ್ತದೆ ಎಂದ ಕೂಡಲೇ ಒಂದು ಮೇಲ್ ಬಂದೇ ಬರುತ್ತದೆ. ‘ಪ್ರತಿ ವಿಭಾಗದಿಂದ ಒಬ್ಬರು ಚಾಂಪಿಯನ್ ಬೇಕು, ಶುಕ್ರವಾರದೊಳಗೆ ಹೆಸರು ಕಳಿಸಿ.’ ವಿಭಾಗದ ಮುಖ್ಯಸ್ಥರು ಆ ಹೊತ್ತಿಗೆ ಯಾರ ಕೈ ಖಾಲಿ ಇದೆಯೋ, ಇಲ್ಲವೇ ಯಾರು ಕಂಪ್ಯೂಟರ್ ಮುಂದೆ ಚುರುಕಾಗಿದ್ದಾರೋ ಅವರ ಹೆಸರು ಬರೆದು ಕಳಿಸುತ್ತಾರೆ. ಹೆಸರು ಬಂದವರಿಗೆ ಒಂದು ಟೀ ಶರ್ಟ್, ಒಂದು ಬ್ಯಾಡ್ಜ್, ಒಂದೆರಡು ದಿನದ ತರಬೇತಿ. ಸೋಮವಾರದಿಂದ ಅವರು ತಮ್ಮ ವಿಭಾಗದವರಿಗೆಲ್ಲ ಹೊಸ ಸಾಫ್ಟ್‌ವೇರ್ ಕಲಿಸಿ ಹುರುಪು ತುಂಬಬೇಕು. ಕೆಲವು ತಿಂಗಳಾದ ಮೇಲೆ ಹೋಗಿ ನೋಡಿದರೆ ಬ್ಯಾಡ್ಜ್ ಮೇಜಿನ ಡ್ರಾಯರ್ ಸೇರಿರುತ್ತದೆ. ಜನ ಹಳೇ ಎಕ್ಸೆಲ್ ಶೀಟನ್ನೇ ನಂಬಿಕೊಂಡು ಕೆಲಸ ಮಾಡುತ್ತಿರುತ್ತಾರೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೇನೆ. ಮೊದಲು ಪ್ಲಾನಿಂಗ್‌ನಲ್ಲಿದ್ದೆ. ಇಆರ್‌ಪಿ ಬಂದಾಗ ಜನರಿಗೆ ಅದನ್ನು ಕಲಿಸುವ, ಒಗ್ಗಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಆಮೇಲೆ ಅದೇ ನನ್ನ ಕೆಲಸವಾಯಿತು. ಇಆರ್‌ಪಿ ಗೊತ್ತಿಲ್ಲದವರಿಗೆ ಒಂದು ಮಾತು: ಖರೀದಿ, ಸ್ಟೋರ್ಸ್, ಉತ್ಪಾದನೆ, ಅಕೌಂಟ್ಸ್, ಡಿಸ್‌ಪ್ಯಾಚ್ ಎಲ್ಲರೂ ಒಂದೇ ಸಾಫ್ಟ್‌ವೇರ್‌ನಲ್ಲಿ, ಒಂದೇ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವ ವ್ಯವಸ್ಥೆ ಅದು. ಒಬ್ಬರು ತಪ್ಪು ಅಂಕಿ ಹಾಕಿದರೆ ಇನ್ನೊಬ್ಬರ ಕೆಲಸ ನಿಲ್ಲುತ್ತದೆ. ಅರ್ಧ ಜನ ಬಳಸಿ ಅರ್ಧ ಜನ ಬಿಟ್ಟರೆ ಇಲ್ಲದಿದ್ದಾಗಿನ ಪರಿಸ್ಥಿತಿಯೇ ಎಷ್ಟೋ ಮೇಲು.

ಈ ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಕೆಲಸದ ಜಾಗದಲ್ಲಿ ಏನು ಸರಿಹೋಗುತ್ತಿಲ್ಲ ಎಂಬ ದೂರನ್ನು ಮೇಲಕ್ಕೆ ಒಯ್ದು, ಉತ್ತರ ಪಡೆದು ಬರುವುದೇ ಚಾಂಪಿಯನ್ ಆದವರ ಮೊದಲ ಕೆಲಸ. ಕಲಿಸುವುದು ಎರಡನೆಯದು. ಹುರುಪು ತುಂಬಿ ಎಂದು ಅವರಿಗೆ ಹೇಳಬೇಕಾಗಿಯೇ ಇಲ್ಲ. ದೂರಿಗೆ ಉತ್ತರ ಸಿಕ್ಕ ಜಾಗದಲ್ಲಿ ಜನ ತಾವಾಗಿಯೇ ಬಳಸುತ್ತಾರೆ. ಇದನ್ನು ಉಲ್ಟಾ ಮಾಡಿದ ಕಡೆ ಎಷ್ಟು ಬ್ಯಾಡ್ಜ್ ಹಂಚಿದರೂ ಪ್ರಯೋಜನವಿಲ್ಲ ಎಂದು ನನ್ನ ನಂಬಿಕೆ.

ನಮ್ಮ ಸ್ಟೋರ್ಸ್‌ನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮಗೆ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ಭಾಗಗಳು, ಬರುವುದು ಬೆಳಗಾವಿಯಿಂದ. ಅಲ್ಲಿ ಉದ್ಯಮಬಾಗದ ಸುತ್ತಮುತ್ತ ಫೌಂಡ್ರಿಗಳು ಬೇಕಾದಷ್ಟಿವೆ. ಲಾರಿ ನಮ್ಮ ಗೇಟಿಗೆ ಬರುವುದು ಸಾಮಾನ್ಯವಾಗಿ ಸಂಜೆ. ಸ್ಟೋರ್ಸ್ ನೋಡಿಕೊಳ್ಳುವ ಅಕ್ಕ ಡೆಲಿವರಿ ಚಲನ್ ತೆಗೆದುಕೊಂಡು, ಮಾಲು ಎಣಿಸಿ, ತೂಕ ನೋಡಿ, ಜಿಆರ್‌ಎನ್ ಹಾಕಬೇಕು. ಅಂದರೆ ಮಾಲು ಬಂದಿದೆ ಎಂಬ ಎಂಟ್ರಿ. ಅದು ಆದ ಮೇಲೆ ಕ್ವಾಲಿಟಿಯವರು ನೋಡಬೇಕು, ಆಮೇಲೆ ಅಕೌಂಟ್ಸ್‌ನವರು ಬಿಲ್ ಪಾಸ್ ಮಾಡಬೇಕು. ಹಳೇ ಪದ್ಧತಿಯಲ್ಲಿ ಇದೆಲ್ಲ ಒಂದು ಉದ್ದನೆಯ ರಟ್ಟಿನ ನೋಟ್‌ಬುಕ್‌ನಲ್ಲಿ ನಡೆಯುತ್ತಿತ್ತು.

ಇಆರ್‌ಪಿ ಬಂದು ಎಷ್ಟೋ ದಿನವಾದರೂ ಆ ನೋಟ್‌ಬುಕ್ ಹೋಗಲಿಲ್ಲ. ಸಿಸ್ಟಮ್‌ನಲ್ಲಿ ಇರುವ ಸ್ಟಾಕ್‌ಗೂ ರ್‍ಯಾಕ್‌ನಲ್ಲಿ ಇರುವ ಮಾಲಿಗೂ ತಾಳೆಯಾಗುತ್ತಿರಲಿಲ್ಲ. ಅಕೌಂಟ್ಸ್‌ನಲ್ಲಿ ಫೌಂಡ್ರಿಯ ಬಿಲ್‌ಗಳು ನಿಂತುಹೋಗಿದ್ದವು. ಫೌಂಡ್ರಿಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಮೀಟಿಂಗ್‌ನಲ್ಲಿ ಎಲ್ಲರೂ ಒಂದೇ ಮಾತು: ಸ್ಟೋರ್ಸ್‌ನವರಿಗೆ ಸಿಸ್ಟಮ್ ಬಳಸೋಕೆ ಬರಲ್ಲ, ಇನ್ನೊಂದು ಸಲ ಟ್ರೈನಿಂಗ್ ಕೊಡಿ. ಟ್ರೈನಿಂಗೂ ಆಯಿತು. ಏನೂ ಬದಲಾಗಲಿಲ್ಲ.

ಆಗ ಚಾಂಪಿಯನ್‌ಗಳ ವಾರದ ಸಭೆಗೆ ಆ ಅಕ್ಕ ನೋಟ್‌ಬುಕ್ಕನ್ನೇ ತಂದು ಮೇಜಿನ ಮೇಲಿಟ್ಟರು. ಒಂದು ಪುಟ ತೆರೆದು ತೋರಿಸಿದರು. ಆರ್ಡರ್ 200. ಬಂದದ್ದು 206. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘6 ಜಾಸ್ತಿ’. ಇನ್ನೊಂದು ಪುಟದಲ್ಲಿ 150ಕ್ಕೆ 154, ‘4 ಜಾಸ್ತಿ’. ಫೌಂಡ್ರಿಯಲ್ಲಿ ಎರಕ ಹೊಯ್ಯುವಾಗ ಕೆಲವು ತೂತು ಬಿದ್ದು ಹಾಳಾಗುತ್ತವೆ ಎಂದು ಮೊದಲೇ ನಾಲ್ಕಾರು ಹೆಚ್ಚು ಹೊಯ್ಯುತ್ತಾರೆ. ಎಲ್ಲವೂ ಚೆನ್ನಾಗಿ ಬಂದರೆ ಅಷ್ಟನ್ನೂ ಲಾರಿಗೆ ಹಾಕುತ್ತಾರೆ, ಅಷ್ಟಕ್ಕೂ ಬಿಲ್ ಮಾಡುತ್ತಾರೆ. ಇದು ಈ ವ್ಯಾಪಾರದಲ್ಲಿ ಮಾಮೂಲು. ಆದರೆ ನಮ್ಮ ಸಿಸ್ಟಮ್‌ನಲ್ಲಿ ಆರ್ಡರ್ 200 ಇದ್ದರೆ 201ನೇ ಕಾಸ್ಟಿಂಗ್ ತೆಗೆದುಕೊಳ್ಳುವಂತಿರಲಿಲ್ಲ. ಕೆಂಪು ಅಕ್ಷರದಲ್ಲಿ ಎರರ್ ಬರುತ್ತಿತ್ತು. ಆರ್ಡರ್ ತಿದ್ದಬೇಕೆಂದರೆ ಪರ್ಚೇಸ್ ಮ್ಯಾನೇಜರ್ ಅಪ್ರೂವಲ್ ಬೇಕು. ಸಂಜೆ ಆರೂವರೆಗೆ ಅವರು ಮನೆಗೆ ಹೊರಟಿರುತ್ತಾರೆ. ಲಾರಿ ಡ್ರೈವರ್ ಕಿಟಕಿಯಲ್ಲಿ ನಿಂತು, ‘ಅಕ್ಕಾ, ಬೇಗ ಸೀಲ್ ಹಾಕ್ಕೊಡಿ, ಬೆಳಿಗ್ಗೆ ತುಮಕೂರಲ್ಲಿ ಲೋಡಿಂಗ್ ಇದೆ’ ಎನ್ನುತ್ತಿರುತ್ತಾನೆ. ಅಕ್ಕ ಸಿಸ್ಟಮ್‌ಗೆ 200 ಹಾಕಿ, ಉಳಿದ ಆರನ್ನು ನೋಟ್‌ಬುಕ್‌ಗೆ ಬರೆದು ಲಾರಿ ಬಿಟ್ಟುಕೊಡುತ್ತಿದ್ದರು. ಬೇರೆ ಏನು ಮಾಡಬೇಕಿತ್ತು ಹೇಳಿ?

ಕನ್ಸಲ್ಟೆಂಟ್ ಹುಡುಗ ಲ್ಯಾಪ್‌ಟಾಪ್ ತೆರೆದು ಒಂದು ಸೆಟ್ಟಿಂಗ್ ನೋಡಿದ. ಆರ್ಡರ್‌ಗಿಂತ ಎಷ್ಟು ಶೇಕಡಾ ಜಾಸ್ತಿ ಬಂದರೆ ಒಪ್ಪಿಕೊಳ್ಳಬಹುದು ಎಂಬ ಜಾಗದಲ್ಲಿ ಸೊನ್ನೆ ಇತ್ತು. ಪರ್ಚೇಸ್ ಮ್ಯಾನೇಜರ್ ಅಲ್ಲೇ ಕೂತಿದ್ದರು. ಕಾಸ್ಟಿಂಗ್‌ಗಳಿಗೆ ಮಾತ್ರ ಅದನ್ನು ಶೇ 5 ಮಾಡೋಣ ಎಂದು ಒಪ್ಪಿದರು. ಸಭೆ ಮುಗಿಯುವ ಮೊದಲೇ ಕೆಲಸ ಆಗಿತ್ತು. ಬಿಲ್‌ಗಳು ಒಂದೊಂದಾಗಿ ಪಾಸ್ ಆದವು. ನೋಟ್‌ಬುಕ್ ಬಿಡಿ ಎಂದು ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ನನಗೆ ಇದರಲ್ಲಿ ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಆ ಅಕ್ಕ ಚಾಂಪಿಯನ್ ಆಗುವ ಮೊದಲೇ ಇದೇ ತೊಂದರೆಯನ್ನು ಹೆಲ್ಪ್‌ಡೆಸ್ಕ್‌ಗೆ ಬರೆದಿದ್ದರು. ಆ ದೂರಿನ ಟಿಕೆಟ್ ತೆಗೆದು ನೋಡಿದೆವು. ‘ಬಳಕೆದಾರರಿಗೆ ತರಬೇತಿ ಬೇಕು’ ಎಂದು ಷರಾ ಹಾಕಿ ಮುಚ್ಚಿದ್ದರು. ಮಾತು ಅದೇ, ಹೇಳಿದವರೂ ಅವರೇ. ಟಿಕೆಟ್‌ನಲ್ಲಿ ಬರೆದಾಗ ಅದು ತಿಳಿವಳಿಕೆ ಕಡಿಮೆ ಇರುವವರ ತಕರಾರಾಗಿತ್ತು. ಪರ್ಚೇಸ್ ಮ್ಯಾನೇಜರ್ ಎದುರು ಕುರ್ಚಿ ಹಾಕಿಸಿ ಕೂರಿಸಿದ ಮೇಲೆ ಅದಕ್ಕೆ ಕಿವಿ ಸಿಕ್ಕಿತು. ಚಾಂಪಿಯನ್ ಎಂದು ಹೆಸರು ಕೊಟ್ಟರೆ ಸಾಲದು, ಆ ಕುರ್ಚಿ ಕೊಡಬೇಕು.

ಜೊನಾಥನ್ ಗ್ರುಡಿನ್ ಎಂಬ ಸಂಶೋಧಕ 1988ರಲ್ಲಿ ಒಂದು ಪ್ರಬಂಧ ಬರೆದ. ಒಂದು ಗುಂಪಿನವರೆಲ್ಲ ಸೇರಿ ಬಳಸಬೇಕಾದ ಸಾಫ್ಟ್‌ವೇರ್‌ಗಳು ಯಾಕೆ ಸೋಲುತ್ತವೆ ಎಂಬುದು ಅದರ ವಿಷಯ. ಅವನು ಹೇಳಿದ ಮುಖ್ಯ ಕಾರಣಗಳಲ್ಲಿ ಒಂದು, ಹೆಚ್ಚುವರಿ ಕೆಲಸ ಒಬ್ಬರ ತಲೆಗೆ, ಲಾಭ ಇನ್ನೊಬ್ಬರ ಕೈಗೆ. ಅವನು ಕೊಟ್ಟ ಉದಾಹರಣೆ ಕಚೇರಿಯ ಮೀಟಿಂಗ್ ಕ್ಯಾಲೆಂಡರ್. ಎಲ್ಲರೂ ತಮ್ಮ ತಮ್ಮ ದಿನಚರಿಯನ್ನು ಅದರಲ್ಲಿ ತುಂಬಬೇಕು, ಅನುಕೂಲ ಆಗುವುದು ಮೀಟಿಂಗ್ ಕರೆಯುವ ಮ್ಯಾನೇಜರ್‌ಗೆ. ಬರೆದು ಇಷ್ಟು ವರ್ಷವಾದರೂ ನನಗೆ ಅದು ನಮ್ಮ ಕಾರ್ಖಾನೆಯನ್ನೇ ನೋಡಿ ಬರೆದಂತೆ ಅನ್ನಿಸುತ್ತದೆ. ಇಆರ್‌ಪಿಯಿಂದ ಅಕೌಂಟ್ಸ್‌ಗೆ ತಿಂಗಳ ಕೊನೆಯ ತಲೆನೋವು ಕಡಿಮೆಯಾಯಿತು. ಮ್ಯಾನೇಜರ್‌ಗೆ ಫೋನ್‌ನಲ್ಲೇ ಸ್ಟಾಕ್ ಕಾಣಿಸಿತು. ಸ್ಟೋರ್ಸ್‌ನ ಅಕ್ಕನಿಗೆ ಸಿಕ್ಕಿದ್ದು ತುಂಬಬೇಕಾದ ಹತ್ತಾರು ಹೊಸ ಕಾಲಂಗಳು. ಇಂಥ ಕಡೆ ‘ತುಂಬಾ ಸುಲಭ, ಕಲಿತುಕೊಳ್ಳಿ’ ಎಂದು ಹೇಳುತ್ತಾ ಹೋದರೆ ಕೇಳುವವರು ಯಾರು? ಇದರಿಂದ ನನಗೇನು ಉಪಯೋಗ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ನಾವು ಆಮೇಲೆ ಹುಡುಕಿದಾಗ ಅವರಿಗೂ ಒಂದು ಉಪಯೋಗ ಇತ್ತು. ತಿಂಗಳ ಕೊನೆಯ ಸ್ಟಾಕ್ ಎಣಿಕೆಗೆ ಭಾನುವಾರ ಬರಬೇಕಾಗಿತ್ತಲ್ಲ, ಎಂಟ್ರಿ ಸರಿಯಾಗಿದ್ದ ರ್‍ಯಾಕ್‌ಗಳನ್ನು ಅದರಿಂದ ಕೈಬಿಟ್ಟೆವು. ಒಂದು ಭಾನುವಾರ ಉಳಿಯುತ್ತದೆ ಎಂದರೆ ಅದಕ್ಕಿಂತ ದೊಡ್ಡ ತರಬೇತಿ ಬೇಕಿಲ್ಲ.

ಹಾಗಾದರೆ ಚಾಂಪಿಯನ್‌ಗಳನ್ನು ಆರಿಸುವುದು ಹೇಗೆ? ಇದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯ ಇದೆ. ಮುಖ್ಯಸ್ಥರನ್ನು ಹೆಸರು ಕೇಳಬೇಡಿ. ಜೊತೆಯಲ್ಲಿ ಕೆಲಸ ಮಾಡುವವರನ್ನು ಕೇಳಿ. ನಾವು ಒಂದು ಚೀಟಿ ಹಂಚಿದೆವು. ‘ಕಂಪ್ಯೂಟರ್‌ನಲ್ಲಿ ಏನಾದರೂ ಸಿಕ್ಕಿಹಾಕಿಕೊಂಡರೆ ಮೊದಲು ಯಾರ ಹತ್ತಿರ ಹೋಗುತ್ತೀರಿ? ಇಬ್ಬರ ಹೆಸರು ಬರೆಯಿರಿ.’ ಅಷ್ಟೇ. ಒಂದೊಂದು ವಿಭಾಗದಲ್ಲೂ ಒಬ್ಬಿಬ್ಬರ ಹೆಸರು ಮತ್ತೆ ಮತ್ತೆ ಬಂತು. ಮುಖ್ಯಸ್ಥರು ಮೊದಲು ಕೊಟ್ಟಿದ್ದ ಪಟ್ಟಿಗೂ ಇದಕ್ಕೂ ಬಹಳ ಕಡೆ ಸಂಬಂಧವೇ ಇರಲಿಲ್ಲ. ಮುಖ್ಯಸ್ಥರ ಪಟ್ಟಿಯಲ್ಲಿದ್ದವರು ಹೊಸದಾಗಿ ಸೇರಿದ ಚುರುಕಿನ ಹುಡುಗರು. ಚೀಟಿಯಲ್ಲಿ ಬಂದವರು ಹೆಚ್ಚಾಗಿ ನಡುವಯಸ್ಸಿನವರು, ವರ್ಷಗಟ್ಟಲೆ ಅಲ್ಲೇ ಕೆಲಸ ಮಾಡಿದವರು.

ಆ ವ್ಯತ್ಯಾಸ ಏನು ಎಂದು ತಿಳಿಯಲು ಒಂದು ದಿನ ಶಾಪ್ ಫ್ಲೋರ್‌ನಲ್ಲಿ ನಿಂತು ನೋಡಿದರೆ ಸಾಕು. ಚುರುಕಿನ ಹುಡುಗನನ್ನು ಕರೆದರೆ ಬಂದವನೇ ಮೌಸ್ ಕಿತ್ತುಕೊಳ್ಳುತ್ತಾನೆ. ಟಕಟಕ ನಾಲ್ಕು ಕ್ಲಿಕ್, ‘ಆಯ್ತು ನೋಡಿ ಸರ್’ ಎಂದು ಹೊರಟೇಬಿಡುತ್ತಾನೆ. ಕೂತವರಿಗೆ ಏನಾಯಿತು ಎಂದು ಗೊತ್ತಾಗುವುದಿಲ್ಲ. ಎರಡನೇ ಸಲ ಕರೆಯಲು ಸಂಕೋಚ. ಚೀಟಿಯಲ್ಲಿ ಹೆಸರು ಬಂದವರು ಹಾಗಲ್ಲ. ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತಾರೆ. ‘ನೀವೇ ಒತ್ತಿ. ಹಾಂ, ಅದೇ. ಈಗ ಏನು ಕೇಳ್ತಿದೆ ಓದಿ’ ಎನ್ನುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ. ಆದರೆ ಮಾರನೇ ದಿನ ಅದೇ ಪ್ರಶ್ನೆ ಬರುವುದಿಲ್ಲ. ಜೊತೆಗೆ, ಅವರ ಎದುರು ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಯಾರಿಗೂ ನಾಚಿಕೆ ಆಗುವುದಿಲ್ಲ. ಇಪ್ಪತ್ತೈದು ವರ್ಷ ಲೇತ್ ಮೇಲೆ ಕೆಲಸ ಮಾಡಿದವರಿಗೆ ನಿನ್ನೆ ಸೇರಿದ ಹುಡುಗನ ಎದುರು ಹಾಗೆ ಹೇಳಿಕೊಳ್ಳುವುದು ಕಷ್ಟ. ಇದನ್ನು ಅಹಂಕಾರ ಎಂದು ತಳ್ಳಿಹಾಕಬಾರದು. ಅವರು ಆ ಕೆಲಸದಲ್ಲಿ ಗಳಿಸಿದ ಮರ್ಯಾದೆ ಅದು.

ಇನ್ನೊಂದು ಗುಂಪಿನವರನ್ನೂ ನಾನು ಹುಡುಕಿ ಸೇರಿಸುತ್ತೇನೆ. ಗೊಣಗುವವರು. ಎಲ್ಲ ಗೊಣಗಾಟವೂ ಅಲ್ಲ. ‘ಇದು ಸರಿ ಇಲ್ಲ’ ಎಂದು ಸುಮ್ನೆ ಹೇಳುವವರು ಬೇರೆ. ‘ರಿಜೆಕ್ಟ್ ಆದ ಪೀಸನ್ನು ರೀವರ್ಕ್‌ಗೆ ಹಾಕಿದರೆ ಹಳೇ ಬ್ಯಾಚ್ ನಂಬರ್ ಹೋಗಿಬಿಡುತ್ತೆ, ಆಮೇಲೆ ಕಸ್ಟಮರ್ ಕೇಳಿದರೆ ಏನು ತೋರಿಸೋದು?’ ಎಂದು ಕೇಳುವವರು ಬೇರೆ. ಎರಡನೆಯವರು ಸಿಸ್ಟಮ್ಮನ್ನು ಗಮನವಿಟ್ಟು ನೋಡಿದ್ದಾರೆ. ಅವರ ಬಾಯಿ ಮುಚ್ಚಿಸುವ ಬದಲು ಸಭೆಗೆ ಕರೆಯುವುದು ಒಳ್ಳೆಯದು.

ಅಕ್ಕಪಕ್ಕದವರ ಮಾತಿಗೆ ಇರುವ ಬೆಲೆ ಹೊಸ ಸಂಗತಿಯೇನಲ್ಲ. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1943ರಲ್ಲಿ ಅಮೆರಿಕದ ಅಯೋವಾ ರಾಜ್ಯದ ರೈತರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೈಬ್ರಿಡ್ ಮುಸುಕಿನ ಜೋಳದ ಬೀಜ ಅಲ್ಲಿಗೆ ಬಂದದ್ದು 1928ರ ಸುಮಾರಿಗೆ. ಇಳುವರಿ ಹೆಚ್ಚು, ಬರವನ್ನೂ ಚೆನ್ನಾಗಿ ತಡೆಯುತ್ತಿತ್ತು. ಆದರೂ ಅವರು ಮಾತಾಡಿಸಿದ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಅದನ್ನು ಒಪ್ಪಿಕೊಳ್ಳಲು 1941 ಬರಬೇಕಾಯಿತು. ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ಗೊತ್ತಾದದ್ದು ಮಾರಾಟಗಾರರಿಂದ. ಹಾಕೋಣ ಎಂದು ಮನಸ್ಸು ಮಾಡಿದ್ದು ಮಾತ್ರ ಪಕ್ಕದ ಹೊಲದವರನ್ನು ನೋಡಿ. ಆಗಲೂ ಮೊದಲ ವರ್ಷ ಹೊಲದ ಒಂದು ಭಾಗಕ್ಕಷ್ಟೇ ಹಾಕಿ ನೋಡಿದರು. ನಮ್ಮ ಹಳ್ಳಿಯ ರೈತರು ಮಾಡುವುದೂ ಅದನ್ನೇ ಅಲ್ವಾ?

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಎಂಬ ಯೋಜನೆ ಕರ್ನಾಟಕದ ಹಳ್ಳಿಗಳಲ್ಲಿ ಇದೇ ದಾರಿ ಹಿಡಿಯಿತು. ಕೃಷಿಯ ಹೊಸ ಪದ್ಧತಿಗಳನ್ನು ತಜ್ಞರ ಭಾಷಣದ ಬದಲು ಆ ಸುತ್ತಿನ ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸುವ ವಿಡಿಯೋಗಳ ಮೂಲಕ ತಲುಪಿಸಿತು. ನೋಡುವವರಿಗೆ ವಿಡಿಯೋದಲ್ಲಿ ಇರುವವರು ಯಾವ ಊರಿನವರು ಎಂಬುದು ಮುಖ್ಯವಾಗಿತ್ತು. ಕಾರ್ಖಾನೆಯಲ್ಲೂ ಅಷ್ಟೇ. ಕನ್ಸಲ್ಟೆಂಟ್ ತೋರಿಸಿದರೆ ‘ಅವರಿಗೇನು, ಬರುತ್ತೆ’ ಎನ್ನುತ್ತಾರೆ. ಪಕ್ಕದ ಮಷಿನ್‌ನವರು ಮಾಡಿದರೆ ‘ಅವನಿಗೆ ಬರುತ್ತೆ ಅಂದ್ರೆ ನನಗೂ ಬರುತ್ತೆ’ ಎನ್ನುತ್ತಾರೆ.

ಇಷ್ಟು ಹೇಳಿದ ಮೇಲೆ, ಚಾಂಪಿಯನ್‌ಗಳಿಂದ ಆಗದ ಕೆಲಸದ ಬಗ್ಗೆಯೂ ಹೇಳಬೇಕು. ನಮ್ಮದೇ ರಾಜ್ಯದ ಭೂಮಿ ಯೋಜನೆಯನ್ನು ನೋಡಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 2000ದ ಆಸುಪಾಸಿನಲ್ಲಿ, ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಅದಕ್ಕೆ ಮೊದಲು ಆ ದಾಖಲೆಗಳೆಲ್ಲ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಪಹಣಿ ಬೇಕೆಂದರೆ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅಂಥ ಪುಸ್ತಕ ಕೈಬಿಟ್ಟು ಹೋಗುತ್ತದೆ ಎಂದಾಗ ಬರುವ ವಿರೋಧ ತಿಳಿವಳಿಕೆಯ ಕೊರತೆಯಿಂದ ಬಂದದ್ದಲ್ಲ. ಅದಕ್ಕೆ ತರಬೇತಿಯೊಂದೇ ಮದ್ದೂ ಅಲ್ಲ. ತರಬೇತಿ, ಕಾರ್ಯಾಗಾರ ಎಲ್ಲ ನಡೆದವು. ಜೊತೆಗೆ ಕಂಪ್ಯೂಟರ್ ಪಹಣಿ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರವೇ ಹೇಳಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂದಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು ಎಂದಾಯಿತು. ಹಳೇ ದಾರಿ ಮುಚ್ಚುವುದು ಮೇಲಿನವರ ಕೆಲಸ, ಅದನ್ನು ಅವರು ಮಾಡಿದರು.

ನಮ್ಮಲ್ಲೂ ಒಬ್ಬ ಸೂಪರ್‌ವೈಸರ್ ಇದ್ದರು. ಯಾವ ಕೆಲಸ ಯಾವ ಮಷಿನ್ ಮೇಲೆ ಯಾವಾಗ ಎಂಬುದೆಲ್ಲ ಅವರ ಎಕ್ಸೆಲ್ ಶೀಟ್‌ನಲ್ಲಿತ್ತು. ಯಾರಿಗೆ ಏನು ಬೇಕಾದರೂ ಅವರನ್ನೇ ಕೇಳಬೇಕು. ಸಿಸ್ಟಮ್ ಬಂದರೆ ಆ ಸ್ಥಾನ ಹೋಗುತ್ತದೆ. ಅವರನ್ನು ಒಪ್ಪಿಸಿ ಎಂದು ಅವರ ಕೈಕೆಳಗಿನ ಚಾಂಪಿಯನ್‌ಗೆ ಹೇಳುವುದು ಅನ್ಯಾಯ. ಪ್ಲಾಂಟ್ ಹೆಡ್ ಅವರ ಜೊತೆ ಕೂತು ಮಾತಾಡಬೇಕು. ಹೊಸ ವ್ಯವಸ್ಥೆಯಲ್ಲಿ ಅವರ ಅನುಭವಕ್ಕೆ ಯಾವ ಜಾಗ ಎಂದು ಹೇಳಬೇಕು. ಇಂಥ ದಿನಾಂಕದಿಂದ ಎಕ್ಸೆಲ್ ಪ್ಲಾನ್ ಯಾರೂ ನೋಡುವುದಿಲ್ಲ ಎಂದು ತಾವೇ ಘೋಷಿಸಬೇಕು. ನಮ್ಮಲ್ಲಿ ಹಾಗೆ ಆಯಿತು, ತಡವಾಗಿಯಾದರೂ.

ಜನ ಕಲಿಯುವುದಿಲ್ಲ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡಿಕೊಳ್ಳಬೇಕಾದ ಜಿಎಸ್‌ಟಿ ದಾಖಲೆ) ಜಾರಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಕಂಪ್ಯೂಟರ್ ಎಂದರೆ ದೂರ ನಿಲ್ಲುತ್ತಿದ್ದ ಡಿಸ್‌ಪ್ಯಾಚ್‌ನವರು ಕೆಲವೇ ದಿನದಲ್ಲಿ ಅದನ್ನು ಕಲಿತರು. ಬಿಲ್ ಇಲ್ಲದೆ ಲಾರಿ ಹೊರಗೆ ಕಳಿಸುವಂತಿರಲಿಲ್ಲ. ಬೇಕೇ ಬೇಕು ಎಂದಾದರೆ, ಕೇಳಲು ಪಕ್ಕದಲ್ಲಿ ಯಾರಾದರೂ ಇದ್ದರೆ, ಎಲ್ಲರೂ ಕಲಿಯುತ್ತಾರೆ.

ಇನ್ನು ಸಮಯದ ಮಾತು. ಬಹಳ ಕಡೆ ಇಡೀ ಯೋಜನೆ ಬಿದ್ದುಹೋಗುವುದು ಇಲ್ಲೇ. ಅಮೆರಿಕದಲ್ಲಿ 2009ರ ಒಂದು ಕಾನೂನಿನ ನೆರವಿನಿಂದ ಆಸ್ಪತ್ರೆಗಳು ಕಾಗದದ ಕೇಸ್ ಶೀಟ್ ಬಿಟ್ಟು ಕಂಪ್ಯೂಟರ್‌ಗೆ ಹೋದವು. ಅಲ್ಲಿ ಚಾಂಪಿಯನ್‌ಗಳಂಥವರನ್ನು ಸೂಪರ್ ಯೂಸರ್ ಎನ್ನುತ್ತಾರೆ. ಹೆಚ್ಚಿನವರು ನರ್ಸ್‌ಗಳು. ಸರಿಯಾಗಿ ಮಾಡಿದ ಆಸ್ಪತ್ರೆಗಳಲ್ಲಿ ಹೊಸ ವ್ಯವಸ್ಥೆ ಶುರುವಾಗುವ ವಾರಗಳಲ್ಲಿ ಅವರಿಗೆ ರೋಗಿಗಳ ಜವಾಬ್ದಾರಿಯನ್ನೇ ಕೊಡುವುದಿಲ್ಲ. ವಾರ್ಡ್‌ನಲ್ಲಿ ಓಡಾಡುತ್ತಾ ಉಳಿದವರಿಗೆ ನೆರವಾಗುವುದಷ್ಟೇ ಅವರ ಡ್ಯೂಟಿ. ನಮ್ಮಲ್ಲಿ ‘ನಿಮ್ಮ ಕೆಲಸದ ಜೊತೆಗೆ ಇದನ್ನೂ ನೋಡಿಕೊಳ್ಳಿ’ ಎನ್ನುತ್ತಾರೆ. ದಿನದ ಟಾರ್ಗೆಟ್ ಹಾಗೇ ಇರುತ್ತದೆ. ಹಾಗಾದರೆ ಕಲಿಸುವುದು ಯಾವಾಗ? ಶಿಫ್ಟ್ ಮುಗಿದ ಮೇಲೆ. ಕಂಪನಿಯ ಬಸ್ ಐದೂವರೆಗೆ ಹೊರಡುತ್ತದೆ. ಹೆಣ್ಣುಮಕ್ಕಳು ಅದನ್ನು ಬಿಟ್ಟರೆ ನೆಲಮಂಗಲದ ಕಡೆಗೆ ಎರಡು ಬಸ್ ಬದಲಾಯಿಸಿ ಹೋಗಬೇಕು. ಹೀಗೆ ನಮ್ಮಲ್ಲಿ ಒಳ್ಳೆಯ ಚಾಂಪಿಯನ್ ಆಗಬಹುದಾಗಿದ್ದ ಹೆಂಗಸರು ಒಬ್ಬೊಬ್ಬರಾಗಿ ‘ಬೇಡ ಸರ್, ಬೇರೆ ಯಾರಿಗಾದರೂ ಕೊಡಿ’ ಎಂದರು. ಅವರಿಗೆ ಆಸಕ್ತಿ ಇಲ್ಲ ಎಂದು ವರದಿಯಲ್ಲಿ ಬರೆದುಕೊಂಡವರೂ ಇದ್ದಾರೆ.

ಅದಕ್ಕೇ ಈಗ ನಾನು ಒಂದು ವಿಷಯಕ್ಕೆ ಹಟ ಹಿಡಿಯುತ್ತೇನೆ. ಚಾಂಪಿಯನ್‌ಗೆ ಕೊಡುವ ಸಮಯ ಟಾರ್ಗೆಟ್ ಶೀಟ್‌ನಲ್ಲೇ ಕಾಣಬೇಕು. ಮೊದಲ ತಿಂಗಳು ದಿನದ ಅರ್ಧ ಹೊತ್ತು, ಆಮೇಲೆ ಕಡಿಮೆ ಮಾಡಿಕೊಂಡು ಬರಬಹುದು. ಬಾಯಿಮಾತಿನ ಒಪ್ಪಿಗೆ ತಿಂಗಳ ಕೊನೆಯ ಡಿಸ್‌ಪ್ಯಾಚ್ ಒತ್ತಡ ಬಂದ ದಿನ ಮಾಯವಾಗುತ್ತದೆ. ಒಂದು ಶಿಫ್ಟ್‌ಗೆ ಒಬ್ಬರಾದರೂ ಬೇಕು. ಎಲ್ಲ ಚಾಂಪಿಯನ್‌ಗಳೂ ಜನರಲ್ ಶಿಫ್ಟ್‌ನಲ್ಲೇ ಇದ್ದು, ರಾತ್ರಿ ಪಾಳಿಯವರು ಬೆಳಗಾಗುವ ತನಕ ಕಾಯಬೇಕಾದ ಕಾರ್ಖಾನೆಗಳನ್ನು ನೋಡಿದ್ದೇನೆ. ಅಲ್ಲಿ ರಾತ್ರಿ ಎಂಟ್ರಿಗಳೆಲ್ಲ ಕಾಗದದ ಮೇಲೇ ಇರುತ್ತವೆ.

ಭಾಷೆಯದ್ದು ಇನ್ನೊಂದು ಕಥೆ. ಸ್ಕ್ರೀನ್ ಇಂಗ್ಲಿಷ್, ಕೈಪಿಡಿ ಇಂಗ್ಲಿಷ್, ಕನ್ಸಲ್ಟೆಂಟ್ ಮಾತಾಡುವುದು ಇಂಗ್ಲಿಷ್ ಮತ್ತು ಹಿಂದಿ. ನಮ್ಮ ಚಾಂಪಿಯನ್‌ಗಳು ಕೂತು ಕನ್ನಡದಲ್ಲಿ ಕಾರ್ಡ್‌ಗಳನ್ನು ಮಾಡಿದರು. ಕಂಪನಿಯ ಕೈಪಿಡಿಯಲ್ಲಿ ಅಧ್ಯಾಯಗಳೆಲ್ಲ ಸ್ಕ್ರೀನ್‌ನ ಹೆಸರಿನಲ್ಲಿದ್ದವು. ಇವರ ಕಾರ್ಡ್‌ಗಳಿಗೆ ‘ಲಾರಿ ಬಂದಾಗ’, ‘ಮಾಲು ವಾಪಸ್ ಕಳಿಸುವಾಗ’, ‘ಟೂಲ್ ಮುರಿದಾಗ’, ‘ಕರೆಂಟ್ ಹೋಗಿ ಬಂದ ಮೇಲೆ’ ಎಂದು ಹೆಸರು. ಒಂದು ಕಾರ್ಡ್ ಒಂದು ಪುಟ ದಾಟುತ್ತಿರಲಿಲ್ಲ. ಸ್ಕ್ರೀನ್ ಮೇಲಿನ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆದು, ಎಲ್ಲಿ ಒತ್ತಬೇಕು ಎಂದು ಬಾಣ ಹಾಕಿದ್ದರು. ಬಿಹಾರ, ಒಡಿಶಾದಿಂದ ಬಂದ ಹುಡುಗರಿಗೆ ಅದನ್ನೇ ಹಿಂದಿಯಲ್ಲಿ ಹೇಳಿ ವಾಟ್ಸ್ಆ್ಯಪ್ ವಾಯ್ಸ್ ನೋಟ್ ಮಾಡಿ ಕಳಿಸಿದರು. ಕೈಪಿಡಿಗಿಂತ ಈ ಕಾರ್ಡ್‌ಗಳೇ ಜನರ ಕೈಯಲ್ಲಿ ಓಡಾಡಿದವು. ಗ್ರೀಸ್ ಹತ್ತಿ, ಮೂಲೆ ಮಡಿಚಿ ಹೋಗಿದ್ದವನ್ನು ಮತ್ತೆ ಪ್ರಿಂಟ್ ಹಾಕಿಸಬೇಕಾಯಿತು.

ವಾರದ ಸಭೆಗೆ ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ. ಪ್ರತಿ ದೂರಿಗೂ ಮೂರರಲ್ಲಿ ಒಂದು ಉತ್ತರ ಬೇಕು. ಸರಿಮಾಡಿದ್ದೇವೆ. ಇಂಥ ದಿನಾಂಕಕ್ಕೆ ಸರಿಮಾಡುತ್ತೇವೆ. ಅಥವಾ, ಆಗುವುದಿಲ್ಲ, ಕಾರಣ ಇದು. ಉತ್ತರಗಳನ್ನು ಕನ್ನಡದಲ್ಲಿ ಬರೆದು ಕ್ಯಾಂಟೀನ್ ಪಕ್ಕದ ಬೋರ್ಡ್‌ಗೆ ಹಾಕುತ್ತೇವೆ. ‘ಆಗುವುದಿಲ್ಲ’ ಎಂದರೆ ಜನ ಬೇಸರ ಮಾಡಿಕೊಳ್ಳುತ್ತಾರೆ ಎಂದು ಮ್ಯಾನೇಜರ್‌ಗಳಿಗೆ ಭಯವಿತ್ತು. ಹಾಗೇನೂ ಆಗಲಿಲ್ಲ. ಉದಾಹರಣೆಗೆ, ತಪ್ಪು ಎಂಟ್ರಿ ಹಾಕಿದರೆ ಅಳಿಸಲು ಬಿಡಿ ಎಂಬುದು ಎಲ್ಲರ ಬೇಡಿಕೆಯಾಗಿತ್ತು. ಉಲ್ಟಾ ಎಂಟ್ರಿ ಹಾಕಿ, ಮತ್ತೆ ಸರಿ ಎಂಟ್ರಿ ಹಾಕುವುದು ಎಲ್ಲರಿಗೂ ಕಿರಿಕಿರಿ. ಆದರೆ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ ಎಂಬ ನಿಯಮ ಇದೆ. ಅಷ್ಟನ್ನು ಬಿಡಿಸಿ ಹೇಳಿದ ಮೇಲೆ ಆ ದೂರು ಮತ್ತೆ ಬರಲಿಲ್ಲ. ಜನರಿಗೆ ಬೇಸರ ತರಿಸುವುದು ಉತ್ತರವೇ ಬಾರದಿರುವುದು.

ಪ್ರಮಾಣಪತ್ರ, ಫೋಟೋ, ‘ತಿಂಗಳ ಚಾಂಪಿಯನ್’ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಕೊಟ್ಟರೆ ಖುಷಿ. ಆದರೆ ಇನ್‌ಕ್ರಿಮೆಂಟ್ ಸಮಯದಲ್ಲಿ ನೋಡುವ ಅಪ್ರೈಸಲ್‌ನಲ್ಲಿ ಈ ಕೆಲಸಕ್ಕೆ ಒಂದು ಸಾಲಾದರೂ ಇರಬೇಕು. ಚಾಂಪಿಯನ್‌ಗಳನ್ನು ತಯಾರು ಮಾಡಿದರೆ ಬಿಟ್ಟು ಹೋಗುತ್ತಾರೆ ಎಂಬ ಮಾತನ್ನೂ ಕೇಳಿದ್ದೇನೆ. ಹೌದು, ಕೆಲವರು ಹೋಗುತ್ತಾರೆ. ಶಾಪ್ ಫ್ಲೋರ್ ಕೆಲಸವೂ ಗೊತ್ತು, ಸಿಸ್ಟಮ್ಮೂ ಗೊತ್ತು ಎನ್ನುವವರಿಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ಬರ ಇಲ್ಲ. ನಮ್ಮಲ್ಲಿ ಡಿಪ್ಲೊಮಾ ಮಾಡಿದ್ದ ಒಬ್ಬ ಹುಡುಗಿ ಈಗ ಇನ್ನೊಂದು ಕಡೆ ಇಆರ್‌ಪಿ ಕನ್ಸಲ್ಟೆಂಟ್. ಅವಳ ಬಗ್ಗೆ ನನಗೆ ಹೆಮ್ಮೆಯೇ. ಒಬ್ಬರ ಮೇಲೇ ಎಲ್ಲ ಹೊರಿಸದೆ, ವಿಭಾಗಕ್ಕೆ ಇಬ್ಬರನ್ನು ಇಟ್ಟುಕೊಳ್ಳುವುದು ಕಂಪನಿ ಮಾಡಬೇಕಾದ ಕೆಲಸ.

ಈಗ ಎಐ ಬಂದಿದೆ. ನಮ್ಮ ಆಫೀಸಿನಲ್ಲೂ ಬಿಲ್ ಓದಿ ತಾನೇ ಎಂಟ್ರಿ ಹಾಕುವ ಒಂದು ಸಾಧನವನ್ನು ತರಬೇಕೆಂದು ಮಾತು ನಡೆಯಿತು. ಎಂದಿನಂತೆ ಚಾಂಪಿಯನ್ ಹೆಸರು ಕೊಡಿ ಎಂದು ಮೇಲ್ ಬಂತು. ಅಕೌಂಟ್ಸ್‌ನವರು ಚೀಟಿಯಲ್ಲಿ ಆರಿಸಿದವರು ತುಂಬಾ ಸಮಾಧಾನದ ಮನುಷ್ಯ. ಅವರು ನನ್ನ ಹತ್ತಿರ ಬಂದು, ‘ಸರ್, ನಮ್ಮವರು ಒಂದೇ ಪ್ರಶ್ನೆ ಕೇಳ್ತಿದ್ದಾರೆ. ಇದನ್ನ ಕಲಿತ ಮೇಲೆ ನಮ್ಮ ಸೀಟು ಇರುತ್ತಾ? ನಾನು ಏನಂತ ಹೇಳಲಿ?’ ಎಂದರು. ಕಾಸ್ಟಿಂಗ್ ಲೆಕ್ಕದಂತೆ ಒಂದು ಸೆಟ್ಟಿಂಗ್ ಬದಲಿಸಿ ಮುಗಿಸುವ ದೂರಲ್ಲ ಇದು. ಆದರೆ ಇದೂ ದೂರೇ, ಇದನ್ನೂ ಮೇಲಕ್ಕೆ ಒಯ್ಯಲೇಬೇಕು. ಒಯ್ದೆವು. ಉತ್ತರ ಸಿಗದೆ ಅವರನ್ನು ಜೊತೆಗಾರರ ಎದುರು ನಿಲ್ಲಿಸಿ ‘ಚೆನ್ನಾಗಿದೆ, ಬಳಸಿ’ ಎಂದು ಹೇಳಿಸುವುದಿಲ್ಲ ಎಂದೂ ಹೇಳಿದೆ. ಆ ಮನುಷ್ಯನನ್ನು ಜನ ನಂಬಿದ್ದಾರೆ. ಆ ನಂಬಿಕೆಯನ್ನು ಖರ್ಚು ಮಾಡುವ ಹಕ್ಕು ಕಂಪನಿಗೆ ಇಲ್ಲ.

ಒಂದಷ್ಟು ಎಳೆದಾಟ ನಡೆಯಿತು. ಕೊನೆಗೆ ಫೈನಾನ್ಸ್ ಹೆಡ್ ಸಹಿ ಹಾಕಿದ ಒಂದು ಪತ್ರ ಬಂತು. ಬಿಲ್ ಎಂಟ್ರಿ ಮಾಡುವವರನ್ನು ಈ ಕಾರಣಕ್ಕೆ ಕೆಲಸದಿಂದ ತೆಗೆಯುವುದಿಲ್ಲ, ಸಪ್ಲೈಯರ್‌ಗಳ ಬಾಕಿ ತಾಳೆ ನೋಡುವ ಕೆಲಸಕ್ಕೆ ಹಾಕುತ್ತೇವೆ, ಅದಕ್ಕೆ ಬೇಕಾದ ತರಬೇತಿ ಕೆಲಸದ ಹೊತ್ತಿನಲ್ಲೇ ಕೊಡುತ್ತೇವೆ ಎಂದು ಬರೆದಿದ್ದಾರೆ. ಮುಂದಿನ ಹಣಕಾಸು ವರ್ಷದ ತನಕ ಎಂಬ ಮಿತಿಯೂ ಅದರಲ್ಲಿದೆ. ಚಾಂಪಿಯನ್ ಅದನ್ನು ಮುಚ್ಚಿಡಲಿಲ್ಲ. ಪತ್ರವನ್ನು ಮಿತಿಯ ಸಾಲು ಸಮೇತ ಎಲ್ಲರ ಎದುರು ಓದಿ ಹೇಳಿದರು. ಆಮೇಲೆ ತರಬೇತಿಗೆ ಹೆಸರು ಬರೆಸಿ ಎಂದರು. ಹೆಚ್ಚಿನವರು ಬರೆಸಿದರು. ಇಬ್ಬರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ಮುಂದಿನ ವಾರದ ಸಭೆಗೆ ಅವರನ್ನೇ ಕರೆದಿದ್ದೇವೆ.